ತೋರಣಗಲ್ಲಿನ ಜಲಜನಕ ಘಟಕದಿಂದ ನಮ್ಮ ಊರಿಗೆ ಏನಾದೀತು?

ಪ್ರಶ್ನೆ: ನಮ್ಮದು ಸಂಡೂರು ತಾಲ್ಲೂಕಿನಲ್ಲಿ ತೋರಣಗಲ್ಲಿಗೆ ಹತ್ತಿರದ ಹಳ್ಳಿ. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ದೊಡ್ಡದೊಂದು ಹಸಿರು ಜಲಜನಕ ಘಟಕ ಶುರುವಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆವು. ಊರಿನಲ್ಲಿ ಕೆಲವರು ಅದು ಬಾಂಬಿನ ಹಾಗೆ ಸಿಡಿಯುತ್ತದೆ ಎನ್ನುತ್ತಾರೆ. ಇನ್ನು ಕೆಲವರು, ಮುಂದೆ ಕಲ್ಲಿದ್ದಲೇ ಬೇಡ, ದೂಳೂ ನಿಂತುಹೋಗುತ್ತದೆ ಎನ್ನುತ್ತಾರೆ. ನೀರನ್ನು ಒಡೆದು ಈ ಅನಿಲ ತೆಗೆಯುತ್ತಾರಂತೆ. ಹಾಗಾದರೆ ತುಂಗಭದ್ರೆಯ ನೀರು ಇನ್ನಷ್ಟು ಕಾರ್ಖಾನೆಯ ಪಾಲಾಗುವುದಿಲ್ಲವೇ? ಕಂಪ್ಲಿ ಕಡೆಯ ನಮ್ಮ ನೆಂಟರಿಗೆ ಎರಡನೇ ಬೆಳೆಗೆ ನೀರು ಸಿಗುವುದೇ ಕಷ್ಟವಾಗಿದೆ. ನನ್ನ ಹಿರಿಯ ಮಗ ಒಂದು ಸ್ಪಂಜ್ ಐರನ್ ಘಟಕದಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ, ಕಿರಿಯವನು ಡಿಪ್ಲೊಮಾ ಸೇರಬೇಕೆಂದಿದ್ದಾನೆ. ಇವರ ಕೆಲಸದ ಗತಿಯೇನು? ನಾವು ಇದನ್ನು ಬೇಡ ಎನ್ನಬೇಕೋ, ಬೇಕು ಎನ್ನಬೇಕೋ?

ಉತ್ತರ: ನಿಮ್ಮ ಪತ್ರದಲ್ಲಿ ಅಪಾಯ, ದೂಳು, ನೀರು ಮತ್ತು ಮಕ್ಕಳ ಕೆಲಸದ ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಇವುಗಳಲ್ಲಿ ಕೆಲವಕ್ಕೆ ಜಲಜನಕವೇ ಕಾರಣ, ಕೆಲವಕ್ಕೆ ಅದರ ಸಂಬಂಧವೇ ಇಲ್ಲ. ಜಲಜನಕವನ್ನು ತಯಾರಿಸುವ ಮತ್ತು ಬಳಸುವ ಘಟಕಗಳಲ್ಲೇ ವೃತ್ತಿಜೀವನ ಕಳೆದ ರಾಸಾಯನಿಕ ಎಂಜಿನಿಯರ್ ಆಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ನೀರಿನ ಬಗ್ಗೆ ಕೇಳಿದಷ್ಟು ಗಟ್ಟಿಯಾಗಿ ಆ ಘಟಕ ಬಳಸುವ ಕರೆಂಟಿನ ಬಗ್ಗೆ ಕೇಳಬೇಕಿತ್ತು.

ಅಲ್ಲಿ ಇರುವುದೇನು ಎಂಬುದನ್ನು ಮೊದಲು ನೋಡೋಣ. ಜೆಎಸ್‌ಡಬ್ಲ್ಯು ಎನರ್ಜಿ ಕಂಪನಿಯು 2025ರ ನವೆಂಬರ್‌ನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಕಾರ್ಯಾರಂಭ ಮಾಡಿದ ಘಟಕ ಇದು. ಅದರ ಸಾಮರ್ಥ್ಯ 25 ಮೆಗಾವಾಟ್; ವರ್ಷಕ್ಕೆ 3,800 ಟನ್ ಜಲಜನಕ ಮತ್ತು ಅದರ ಜೊತೆಗೇ ಹುಟ್ಟುವ ಸುಮಾರು 30,000 ಟನ್ ಆಮ್ಲಜನಕವನ್ನು ಅದು ಉಕ್ಕಿನ ಕಾರ್ಖಾನೆಗೆ ಕೊಡಬೇಕು. ಅದಿರು ಎಂದರೆ ಆಮ್ಲಜನಕದೊಂದಿಗೆ ಬೆಸೆದುಕೊಂಡ ಕಬ್ಬಿಣ. ಇದುವರೆಗೆ ಆ ಆಮ್ಲಜನಕವನ್ನು ಕಿತ್ತು ತೆಗೆಯುವ ಕೆಲಸವನ್ನು ಕಲ್ಲಿದ್ದಲಿನ ಇಂಗಾಲ ಮಾಡುತ್ತಿತ್ತು, ಹೊಗೆಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿತ್ತು. ಜಲಜನಕ ಆ ಕೆಲಸ ಮಾಡಿದರೆ ಹೊರಬರುವುದು ನೀರಿನ ಆವಿ. ಅಡುಗೆಮನೆಗೋ ಕಾರಿಗೋ ಜಲಜನಕ ಬಳಸುವ ಮಾತಿನಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ, ಏಕೆಂದರೆ ಅಲ್ಲಿ ಕರೆಂಟನ್ನು ನೇರವಾಗಿ ಬಳಸುವುದೇ ಅಗ್ಗ. ಅದಿರಿನ ವಿಷಯ ಹಾಗಲ್ಲ. ಇಂಗಾಲವಿಲ್ಲದೆ ಅದಿರನ್ನು ಕಬ್ಬಿಣವಾಗಿಸಲು ಇವತ್ತು ಕೈಗೆ ಸಿಗುವ ದಾರಿಗಳಲ್ಲಿ ಜಲಜನಕವೇ ಮುಖ್ಯವಾದುದು. ಆದ್ದರಿಂದ ಈ ಪ್ರಯೋಗ ನಡೆಯಬೇಕಾದರೆ ಅದು ನಿಮ್ಮಂಥ ಪ್ರದೇಶದಲ್ಲೇ ನಡೆಯಬೇಕು.

ಬಾಂಬಿನ ಮಾತಿಗೆ ಬರುತ್ತೇನೆ. ಜಲಜನಕ ಬಾಂಬ್ ಎಂಬುದು ಪರಮಾಣುಗಳ ತಿರುಳುಗಳೇ ಬೆಸೆದುಕೊಂಡಾಗ ಹೊಮ್ಮುವ ಶಕ್ತಿಯಿಂದ ಸಿಡಿಯುವಂಥದ್ದು. ಅದನ್ನು ಹೊತ್ತಿಸಲು ಒಳಗೆ ಮತ್ತೊಂದು ಅಣುಬಾಂಬೇ ಬೇಕು. ಟ್ಯಾಂಕಿನಲ್ಲಿರುವ ಅನಿಲಕ್ಕೆ ಅದು ಯಾವ ರೀತಿಯಲ್ಲೂ ಸಾಧ್ಯವಿಲ್ಲ. ನಿಮ್ಮ ಸೀಮೆಗೆ ಈ ಅನಿಲ ಹೊಸದೂ ಅಲ್ಲ. ಕುಡುತಿನಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿರುವಂಥ 500 ಮೆಗಾವಾಟ್‌ನ ದೊಡ್ಡ ಜನರೇಟರುಗಳ ಒಡಲನ್ನು ತಂಪಾಗಿಡುವುದು ಜಲಜನಕವೇ. ವನಸ್ಪತಿ ತುಪ್ಪದ ಕಾರ್ಖಾನೆಗಳಲ್ಲಿ, ಉಕ್ಕಿನ ಹಾಳೆಗಳನ್ನು ಹದಗೊಳಿಸುವ ಕುಲುಮೆಗಳಲ್ಲಿ, ರಸಗೊಬ್ಬರ ಕಾರ್ಖಾನೆಗಳಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದೆ. ಕರೆಂಟಿನಿಂದ ನೀರು ಒಡೆಯುವ ವಿದ್ಯೆಯೂ ಹೊಸದಲ್ಲ. ಪಂಜಾಬಿನ ನಂಗಲ್‌ನ ಗೊಬ್ಬರ ಕಾರ್ಖಾನೆ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟೆಯ ವಿದ್ಯುತ್ತಿನಿಂದ ಬಹಳ ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡುತ್ತಿತ್ತು.

ಹಾಗೆಂದು ಇದು ನಿರಪಾಯಕಾರಿ ಎಂದು ಯಾರಾದರೂ ವೇದಿಕೆಯ ಮೇಲೆ ನಿಂತು ಹೇಳಿದರೆ ಅದನ್ನೂ ನಂಬಬೇಡಿ. ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಜಲಜನಕ ಹೊತ್ತಿಕೊಳ್ಳಬಲ್ಲದು; ಅಡುಗೆ ಅನಿಲಕ್ಕಾಗಲೀ ನೈಸರ್ಗಿಕ ಅನಿಲಕ್ಕಾಗಲೀ ಇಷ್ಟು ಅಗಲವಾದ ವ್ಯಾಪ್ತಿ ಇಲ್ಲ. ಹೊತ್ತಿಸಲು ಬೇಕಾದ ಕಿಡಿ ನೈಸರ್ಗಿಕ ಅನಿಲಕ್ಕೆ ಬೇಕಾದುದರ ಹತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕದು. ಇದಕ್ಕೆ ವಾಸನೆಯಿಲ್ಲ, ಮತ್ತು ಹಗಲು ಬೆಳಕಿನಲ್ಲಿ ಇದರ ಉರಿ ಕಣ್ಣಿಗೆ ಬೀಳುವುದೇ ಇಲ್ಲ ಎನ್ನಬಹುದು. ಪತ್ತೆಹಚ್ಚುವ ಉಪಕರಣಗಳು ಬರುವ ಮೊದಲು ಕೆಲಸಗಾರರು ಉದ್ದನೆಯ ಕಸಬರಿಗೆಯನ್ನು ಮುಂದಕ್ಕೆ ಚಾಚಿಕೊಂಡು ಪೈಪಿನ ಸಾಲಿನ ಪಕ್ಕದಲ್ಲಿ ನಡೆಯುತ್ತಿದ್ದರು. ಕಡ್ಡಿ ತಟ್ಟನೆ ಉರಿದರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುತ್ತಿತ್ತು. ಈಗ ಚಾವಣಿಯ ನೆತ್ತಿಯಲ್ಲಿ ಸೆನ್ಸರುಗಳಿರುತ್ತವೆ. ಆದರೂ ಪೈಪಿನ ಜೋಡಣೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯನ್ನು ಯಾರೂ ಬಿಟ್ಟಿಲ್ಲ. ಕೊಳವೆಯನ್ನು ಬಿಚ್ಚುವ ಮೊದಲು ಸಾರಜನಕ ಹಾಯಿಸಿ ಒಳಗಿನ ಅನಿಲವನ್ನು ಪೂರ್ತಿ ಹೊರದೂಡದೆ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಬಿಡುವ ಮೇಲ್ವಿಚಾರಕನ ಕೈಕೆಳಗೆ ನಿಮ್ಮ ಮಗನನ್ನು ಕೆಲಸಕ್ಕೆ ಕಳಿಸಬೇಡಿ.

2019ರಲ್ಲಿ ನಡೆದ ಎರಡು ಅವಘಡಗಳು ಈ ವೃತ್ತಿಯವರಿಗೆಲ್ಲ ಪಾಠವಾಗಿವೆ. ನಾರ್ವೆಯ ಸ್ಯಾಂಡ್ವಿಕಾದಲ್ಲಿ ವಾಹನಗಳಿಗೆ ಜಲಜನಕ ತುಂಬಿಸುವ ಕೇಂದ್ರ ಸಿಡಿಯಿತು. ಅಧಿಕ ಒತ್ತಡದ ಟ್ಯಾಂಕಿನ ಮುಚ್ಚಳದ ಬೋಲ್ಟುಗಳನ್ನು ಸರಿಯಾಗಿ ಬಿಗಿಮಾಡಿರಲಿಲ್ಲ, ಅಷ್ಟೇ ಕಾರಣ. ದಕ್ಷಿಣ ಕೊರಿಯಾದ ಗಂಗ್ನುಂಗ್ ನಗರದಲ್ಲಿ ಪ್ರಾಯೋಗಿಕ ಘಟಕವೊಂದರ ಟ್ಯಾಂಕುಗಳು ಸಿಡಿದು ಇಬ್ಬರು ಸತ್ತರು. ಅಲ್ಲಿ ಜಲಜನಕದ ಟ್ಯಾಂಕಿನೊಳಗೆ ಆಮ್ಲಜನಕ ಸೇರಿಕೊಂಡಿತ್ತು. ಈ ಎರಡನೆಯದನ್ನು ಬಳ್ಳಾರಿಯವರು ಹೆಚ್ಚು ಗಮನಿಸಬೇಕು. ನೀರನ್ನು ಒಡೆಯುವ ಯಂತ್ರ, ಅಂದರೆ ಎಲೆಕ್ಟ್ರೊಲೈಸರ್, ಪೂರ್ಣ ಹೊರೆಯಲ್ಲಿ ನಡೆಯುವಾಗ ಎರಡೂ ಅನಿಲಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಮೋಡ ಕವಿದೋ ಗಾಳಿ ಬಿದ್ದೋ ಕರೆಂಟು ಇಳಿದು, ಯಂತ್ರ ತೀರಾ ಕಡಿಮೆ ಹೊರೆಯಲ್ಲಿ ನಡೆದಾಗ ಒಂದು ಬದಿಯ ಅನಿಲ ಮತ್ತೊಂದು ಬದಿಗೆ ಜಿನುಗುವ ಪಾಲು ಹೆಚ್ಚುತ್ತದೆ. ಅನಿಲದ ಶುದ್ಧತೆಯನ್ನು ಅಳೆಯುವ ಉಪಕರಣ, ಮಿತಿ ದಾಟಿದೊಡನೆ ಘಟಕವನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ, ಇವೆರಡೂ ಸದಾ ಸರಿಯಾಗಿದ್ದರೆ ಇದು ಅಪಾಯವಾಗುವುದಿಲ್ಲ. ‘ಉತ್ಪಾದನೆ ನಿಲ್ಲುತ್ತದೆ’ ಎಂದು ಯಾರಾದರೂ ಆ ವ್ಯವಸ್ಥೆಗೆ ಬೈಪಾಸ್ ಹಾಕಿದ ದಿನ ಅಪಾಯ ಶುರುವಾಗುತ್ತದೆ.

ಹಳ್ಳಿಗೆ ಎಷ್ಟು ಅಪಾಯ ಎಂಬುದು ಎಷ್ಟು ಜಲಜನಕವನ್ನು ಎಷ್ಟು ಒತ್ತಡದಲ್ಲಿ ಸಂಗ್ರಹಿಸಿಡುತ್ತಾರೆ ಎಂಬುದರ ಮೇಲೆ ನಿಂತಿದೆ. ಪಕ್ಕದ ಕುಲುಮೆಗೆ ಕೊಳವೆಯಲ್ಲಿ ನೇರವಾಗಿ ಹೋಗುವ ಅನಿಲವಾದರೆ ದಾಸ್ತಾನು ಕಡಿಮೆ ಸಾಕು. ಸೋರಿದರೂ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರವಾದ ಅದು ಮೇಲಕ್ಕೆ ಹಾರಿಹೋಗುತ್ತದೆ. ಎಲ್‌ಪಿಜಿಯಂತೆ ನೆಲ ಹಿಡಿದು ತಗ್ಗಿನಲ್ಲಿ ಕೂರುವುದಿಲ್ಲ. ನನ್ನ ಅಂದಾಜಿನಲ್ಲಿ ಇಂಥ ಘಟಕದ ಅಪಾಯ ಬಹುಮಟ್ಟಿಗೆ ಬೇಲಿಯೊಳಗೆ ದುಡಿಯುವವರದು, ಬೇಲಿಯ ಹೊರಗಿನವರದು ಬಹಳ ಕಡಿಮೆ. ಆದರೆ ನಾಳೆ ಯಾರಾದರೂ ಜಲಜನಕವನ್ನು ಅಮೋನಿಯಾ ಮಾಡಿ ಟ್ಯಾಂಕುಗಳಲ್ಲಿಡುತ್ತೇವೆ ಎಂದು ಬಂದರೆ ಈ ಮಾತನ್ನು ಅದಕ್ಕೆ ಅನ್ವಯಿಸಬೇಡಿ. ಅಮೋನಿಯಾ ವಿಷಾನಿಲ. ಸೋರಿದರೆ ನೆಲಮಟ್ಟದಲ್ಲೇ ಗಾಳಿ ಬೀಸಿದ ಕಡೆಗೆ ದೂರ ಸಾಗಬಲ್ಲದು.

ಇನ್ನು ನೀರು. ಒಂದು ಕೆ.ಜಿ. ಜಲಜನಕಕ್ಕೆ ರಾಸಾಯನಿಕ ಲೆಕ್ಕದಲ್ಲಿ ಒಂಬತ್ತು ಲೀಟರ್ ನೀರು ಸಾಕು. ಶುದ್ಧೀಕರಣದ ನಷ್ಟ, ಯಂತ್ರ ತಂಪಾಗಿಸುವ ಖರ್ಚು ಸೇರಿದರೆ 20ರಿಂದ 30 ಲೀಟರ್ ಎಂದು ಹಿಡಿಯಬೇಕು. 3,800 ಟನ್ನಿಗೆ ವರ್ಷಕ್ಕೆ ಎಂಟರಿಂದ ಹನ್ನೊಂದು ಕೋಟಿ ಲೀಟರ್ ಆಯಿತು. ಕೇಳಲು ಭಾರಿ ಎನಿಸುತ್ತದೆ. ಆದರೆ ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಈ ಘಟಕದ ಇಡೀ ವರ್ಷದ ನೀರು ಕಂಪ್ಲಿ ಕಡೆಯ ಇಪ್ಪತ್ತು ಎಕರೆ ಭತ್ತ ಒಂದು ಬೆಳೆಗೆ ಕುಡಿಯುವಷ್ಟು. ಮುಂದೊಂದು ದಿನ ವರ್ಷಕ್ಕೆ 1.2 ಕೋಟಿ ಟನ್ ಕಬ್ಬಿಣವನ್ನು ಪೂರ್ತಿಯಾಗಿ ಜಲಜನಕದಿಂದಲೇ ತೆಗೆದರೂ ಅರ್ಧದಿಂದ ಮುಕ್ಕಾಲು ಟಿಎಂಸಿ ಸಾಕು, ಮತ್ತು ಕುಲುಮೆಯಿಂದ ಹೊರಬರುವ ಆವಿಯನ್ನು ತಣಿಸಿ ಅದರಲ್ಲಿ ಒಂದು ಪಾಲನ್ನು ಮರಳಿ ಪಡೆಯಬಹುದು. ನಿಮ್ಮ ನೆಂಟರ ಎರಡನೇ ಬೆಳೆಯ ಸಂಕಟದ ಬೇರು ಬೇರೆ ಕಡೆ ಇದೆ. 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ, 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ನೀವೇ ಕಂಡಿದ್ದೀರಿ. ಬೇಸಿಗೆಯಲ್ಲಿ ಕಾರ್ಖಾನೆಗಳಿಗೂ ಕಾಲುವೆಗಳಿಗೂ ನೀರು ಹಂಚುವ ಜಗಳ ನ್ಯಾಯವಾದದ್ದೇ. ಅದರಲ್ಲಿ ಜಲಜನಕದ ಪಾಲು ಮಾತ್ರ ಚಿಕ್ಕದು.

ದೂಳಿನ ವಿಷಯದಲ್ಲಿ ನಿಮಗೆ ಆಸೆ ಹುಟ್ಟಿಸಿದವರು ತಪ್ಪು ಹೇಳಿದ್ದಾರೆ. ಮನೆಯ ಮಾಳಿಗೆಯ ಮೇಲೆ, ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಕೂರುವ ಕೆಂದೂಳು ಅದಿರಿನ ಲಾರಿಗಳಿಂದ, ರಾಶಿಗಳಿಂದ, ಅದಿರನ್ನು ಪುಡಿಮಾಡಿ ಉಂಡೆಕಟ್ಟುವ ಘಟಕಗಳಿಂದ ಬರುತ್ತದೆ. ಕಪ್ಪು ದೂಳು ಕಲ್ಲಿದ್ದಲಿನಿಂದ ಮತ್ತು ಅದಿರನ್ನು ಕರಗಿಸದೆಯೇ ಕಬ್ಬಿಣವಾಗಿಸುವ ಸ್ಪಂಜ್ ಐರನ್ ಗೂಡುಗಳಿಂದ. ಜಲಜನಕ ಬಂದರೂ ಅದಿರು ಬೇಕು, ಅದನ್ನು ಸಾಗಿಸಬೇಕು. ದೂಳಿಗೆ ಔಷಧಿ ಮುಚ್ಚಿದ ಕನ್ವೇಯರ್, ತೊಳೆದ ರಸ್ತೆ ಮತ್ತು ರಾತ್ರಿಯೂ ಚಾಲನೆಯಲ್ಲಿರುವ ಇಎಸ್‌ಪಿ, ಅಂದರೆ ಹೊಗೆಯಲ್ಲಿನ ದೂಳನ್ನು ವಿದ್ಯುತ್ತಿನಿಂದ ಹಿಡಿದಿಡುವ ಯಂತ್ರ. ಕರೆಂಟಿನ ಖರ್ಚು ಉಳಿಸಲು ರಾತ್ರಿ ಹೊತ್ತು ಇಎಸ್‌ಪಿ ನಿಲ್ಲಿಸುವ ಚಾಳಿಯ ಬಗ್ಗೆ ಕೆಲಸಗಾರರೇ ಹೇಳುವುದನ್ನು ನೀವೂ ಕೇಳಿರಬಹುದು. ಆ ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಇವತ್ತೇ ಕೊಡಬಹುದು. ಅದಕ್ಕಾಗಿ ಹಸಿರು ಉಕ್ಕಿನ ಕಾಲ ಬರಲಿ ಎಂದು ಕಾಯಬೇಕಾಗಿಲ್ಲ.

ಕಲ್ಲಿದ್ದಲೇ ಬೇಡವಾಗುತ್ತದೆ ಎಂಬ ಮಾತನ್ನೂ ತೂಗಿ ನೋಡೋಣ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕೆ.ಜಿ. ಜಲಜನಕ ಬೇಕು. 3,800 ಟನ್ನಿನಿಂದ ಆಗುವುದು ಹೆಚ್ಚೆಂದರೆ 69,000 ಟನ್ ಕಬ್ಬಿಣ. ಪಕ್ಕದ ಕಾರ್ಖಾನೆಯ ಸಾಮರ್ಥ್ಯವೋ ವರ್ಷಕ್ಕೆ 1.2 ಕೋಟಿ ಟನ್ನಿಗೂ ಹೆಚ್ಚು. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ಇದು ಕಲಿಯುವುದಕ್ಕಾಗಿ ಕಟ್ಟಿದ ಘಟಕ ಎಂದು ತಿಳಿದರೆ ಯಾರಿಗೂ ಅವಮಾನವಿಲ್ಲ. ಇದನ್ನೇ ಕ್ರಾಂತಿ ಎಂದು ಕರೆದರೆ ಮಾತ್ರ ಲೆಕ್ಕ ತಪ್ಪುತ್ತದೆ. ಕೇಂದ್ರ ಸಂಪುಟವು 2023ರ ಜನವರಿ 4ರಂದು ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ನಿನ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ ಉಕ್ಕಿನ ಪ್ರಯೋಗಗಳಿಗೆಂದು ಇಟ್ಟದ್ದು 455 ಕೋಟಿ.

ಈಗ ಕರೆಂಟಿಗೆ ಬರುತ್ತೇನೆ. ಒಂದು ಕೆ.ಜಿ. ಜಲಜನಕ ಮಾಡಲು 50ರಿಂದ 55 ಯೂನಿಟ್ ಬೇಕು. ನಮ್ಮ ದೇಶದ ಗ್ರಿಡ್ಡಿನ ಸರಾಸರಿ ಕರೆಂಟಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಏಕೆಂದರೆ ಅದರ ಬಹುಪಾಲು ಕಲ್ಲಿದ್ದಲಿನದು. ಆ ಕರೆಂಟಿನಿಂದ ಮಾಡಿದರೆ ಒಂದು ಕೆ.ಜಿ. ಜಲಜನಕದ ಹಿಂದೆ ಸುಮಾರು 36 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುತ್ತದೆ. ನೈಸರ್ಗಿಕ ಅನಿಲದಿಂದ ಮಾಡುವ ಮಾಮೂಲಿ ಜಲಜನಕದ ಹಿಂದೆ ಇರುವುದು ಒಂಬತ್ತು ಹತ್ತು ಕೆ.ಜಿ. ಮಾತ್ರ. ಒಂದು ಟನ್ ಕಬ್ಬಿಣಕ್ಕೆ ಲೆಕ್ಕ ಹಾಕಿದರೆ ಎರಡು ಟನ್ ಡೈಆಕ್ಸೈಡ್ ಆಗುತ್ತದೆ, ಅಂದರೆ ಕಲ್ಲಿದ್ದಲಿನಿಂದ ಕಬ್ಬಿಣ ತೆಗೆದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಹೊಗೆ ತೋರಣಗಲ್ಲಿನ ಬದಲು ಬೇರೆ ಊರಿನ ವಿದ್ಯುತ್ ಕೇಂದ್ರದಿಂದ ಹೊರಡುತ್ತದೆ, ಅಷ್ಟೇ. ಭಾರತ ಸರ್ಕಾರ 2023ರ ಆಗಸ್ಟಿನಲ್ಲಿ ಪ್ರಕಟಿಸಿದ ಮಾನದಂಡದಂತೆ ‘ಹಸಿರು’ ಎನಿಸಿಕೊಳ್ಳಲು ಒಂದು ಕೆ.ಜಿ. ಜಲಜನಕದ ಹಿಂದೆ ಎರಡು ಕೆ.ಜಿ.ಗಿಂತ ಹೆಚ್ಚು ಡೈಆಕ್ಸೈಡ್ ಇರಬಾರದು, ಅದೂ ಹನ್ನೆರಡು ತಿಂಗಳ ಸರಾಸರಿಯಲ್ಲಿ. ನನ್ನ ಲೆಕ್ಕದಲ್ಲಿ ಬಳಸುವ ಕರೆಂಟಿನ ನೂರರಲ್ಲಿ ಐದಾರು ಪಾಲು ಗ್ರಿಡ್ಡಿನ ಸಾಮಾನ್ಯ ಕರೆಂಟಾದರೆ ಆ ಮಿತಿ ಮುಗಿದುಹೋಗುತ್ತದೆ.

25 ಮೆಗಾವಾಟ್ ಘಟಕವೊಂದು 3,800 ಟನ್ ಕೊಡಬೇಕಾದರೆ ವರ್ಷದ 8,760 ಗಂಟೆಗಳಲ್ಲಿ ಸುಮಾರು 7,900 ಗಂಟೆ ಪೂರ್ಣ ಹೊರೆಯಲ್ಲಿ ನಡೆಯಬೇಕು. ಬಿಸಿಲು ಅಷ್ಟು ಹೊತ್ತು ಇರುವುದಿಲ್ಲ; ಸೌರ ವಿದ್ಯುತ್ ಒಂದನ್ನೇ ನಂಬಿದರೆ ಒಂದು ಸಾವಿರ ಟನ್ ಆದರೆ ಹೆಚ್ಚು. ಬಳ್ಳಾರಿ, ಚಿತ್ರದುರ್ಗ, ಗದಗ ಜಿಲ್ಲೆಗಳಿಗೆ ಮುಂಗಾರಿನಲ್ಲಿ ಒಳ್ಳೆಯ ಗಾಳಿಯ ಭಾಗ್ಯವಿದೆ, ಬಿಸಿಲು ಮಂಕಾದ ತಿಂಗಳುಗಳಲ್ಲೇ ಪವನ ವಿದ್ಯುತ್ ಹೆಚ್ಚುತ್ತದೆ. ಇದು ಈ ಪ್ರದೇಶದ ನಿಜವಾದ ಬಲ. ಉಳಿದ ಹೊತ್ತಿಗೆ ಬ್ಯಾಟರಿಯೋ, ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಬಿಟ್ಟು ಕರೆಂಟು ತೆಗೆಯುವ ಪಂಪ್ಡ್ ಸ್ಟೋರೇಜೋ, ಇಲ್ಲವೇ ‘ಬ್ಯಾಂಕಿಂಗ್’ ಆಗಬೇಕು. ಬ್ಯಾಂಕಿಂಗ್ ಎಂದರೆ ಮಧ್ಯಾಹ್ನ ಹೆಚ್ಚಾದ ಸೌರ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು, ರಾತ್ರಿ ಅಷ್ಟೇ ಯೂನಿಟ್ ಹಿಂದಕ್ಕೆ ಪಡೆಯುವುದು. ಪುಸ್ತಕದ ಲೆಕ್ಕ ಸರಿಹೋಗುತ್ತದೆ, ಆದರೆ ರಾತ್ರಿ ತಂತಿಯಲ್ಲಿ ಹರಿದು ಬರುವುದರಲ್ಲಿ ಕಲ್ಲಿದ್ದಲಿನ ಕರೆಂಟೇ ಹೆಚ್ಚು. ನಮ್ಮ ನಿಯಮಗಳು ಬ್ಯಾಂಕಿಂಗ್ ಅನ್ನು ಒಪ್ಪಿವೆ, ಆದ್ದರಿಂದ ಇದನ್ನು ಮೋಸ ಎನ್ನಲಾಗದು. ಆದರೂ ಗಂಟೆಗಂಟೆಯ ಲೆಕ್ಕ ಕೊಡಿ ಎಂದು ಕೇಳುವುದು ತಪ್ಪಲ್ಲ, ಮುಂದೆ ಹೊರದೇಶದ ಕೊಳ್ಳುವವರೂ ಅದನ್ನೇ ಕೇಳಬಹುದು.

ನೆಲದ ಪ್ರಶ್ನೆಯೂ ಇಲ್ಲೇ ಹುಟ್ಟುತ್ತದೆ. 1.2 ಕೋಟಿ ಟನ್ ಕಬ್ಬಿಣಕ್ಕೆ ಜಲಜನಕ ಒದಗಿಸಲು ವರ್ಷಕ್ಕೆ ಸುಮಾರು 3,400 ಕೋಟಿ ಯೂನಿಟ್ ಬೇಕು. 2,050 ಮೆಗಾವಾಟ್‌ನ ಪಾವಗಡ ಸೌರ ಪಾರ್ಕ್ ಹದಿಮೂರು ಸಾವಿರ ಎಕರೆಯಲ್ಲಿ ಹರಡಿಕೊಂಡು ವರ್ಷಕ್ಕೆ ಕೊಡಬಲ್ಲದ್ದು ಸುಮಾರು 400 ಕೋಟಿ ಯೂನಿಟ್. ಅಂಥವು ಎಂಟೊಂಬತ್ತು ಬೇಕು. ಪಾವಗಡದಲ್ಲಿ ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಇಲ್ಲಿಯೂ ಜಮೀನು ಕೇಳಿ ಬಂದರೆ ಆ ಕರಾರನ್ನು ಓದಿ ನೋಡಿ. ನಿಮ್ಮ ಸೀಮೆಯ ಮುಂದಿನ ದೊಡ್ಡ ಚರ್ಚೆ ನೀರಿಗಿಂತ ಹೆಚ್ಚಾಗಿ ಈ ಜಮೀನಿನ ಮೇಲೆ ನಡೆಯುತ್ತದೆ ಎಂದು ನಾನು ಭಾವಿಸುತ್ತೇನೆ.

ಬೇರೆ ದಾರಿಗಳಿಲ್ಲವೇ ಎಂದರೆ ಇವೆ, ಪ್ರತಿಯೊಂದಕ್ಕೂ ತನ್ನ ತೊಡಕು ಇದೆ. ನೈಸರ್ಗಿಕ ಅನಿಲದಿಂದ ಅದಿರನ್ನು ಕಬ್ಬಿಣವಾಗಿಸಿದರೆ ಹೊರಸೂಸುವಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನಾಳೆ ಅದೇ ಕುಲುಮೆಗೆ ಜಲಜನಕವನ್ನು ಹೆಚ್ಚು ಹೆಚ್ಚಾಗಿ ಬೆರೆಸಬಹುದು. ಆದರೆ ಆ ಅನಿಲದ ದೊಡ್ಡ ಪಾಲು ಆಮದು, 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಅದರ ಬೆಲೆ ಎಲ್ಲಿಗೆ ಹೋಯಿತೆಂದು ಎಲ್ಲರೂ ಕಂಡಿದ್ದೇವೆ. ಅನಿಲದಿಂದ ಜಲಜನಕ ಮಾಡಿ, ಬರುವ ಡೈಆಕ್ಸೈಡನ್ನು ಹಿಡಿದು ಭೂಮಿಯೊಳಗೆ ತುಂಬುವ ‘ನೀಲಿ’ ಜಲಜನಕ ಇಂಗ್ಲೆಂಡಿನ ಕರಾವಳಿಗೆ ಹೊಂದಬಹುದು, ಅಲ್ಲಿ ಸಮುದ್ರದಡಿ ರಂಧ್ರಭರಿತ ಮರಳುಗಲ್ಲಿನ ಪದರಗಳಿವೆ. ಬಳ್ಳಾರಿಯ ಕೆಳಗಿರುವುದು ಅತಿ ಪ್ರಾಚೀನವಾದ ಗಟ್ಟಿ ಗ್ರಾನೈಟು ಮತ್ತು ಪದರುಶಿಲೆ. ಅನಿಲ ತುಂಬಿಡುವ ಜಾಗ ಅದಲ್ಲ. ಊದುಕುಲುಮೆಗೇ ಜಲಜನಕ ಊದುವುದನ್ನು ಟಾಟಾ ಸ್ಟೀಲ್ 2023ರಲ್ಲಿ ಜಮ್ಶೆಡ್‌ಪುರದಲ್ಲಿ ಪರೀಕ್ಷಿಸಿತು. ಅದರಿಂದ ಸ್ವಲ್ಪ ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಮಾಡಿದ ಇಂಧನ, ಉಳಿತಾಯವಾಗುತ್ತದೆ, ಕೋಕ್ ಇಲ್ಲದೆ ಮಾತ್ರ ಊದುಕುಲುಮೆ ನಿಲ್ಲಲಾರದು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವುದು ಎಲ್ಲಕ್ಕಿಂತ ಶುದ್ಧ ಮತ್ತು ಅಗ್ಗ, ಆದರೆ ಈಗಷ್ಟೇ ಕಟ್ಟಿಕೊಳ್ಳುತ್ತಿರುವ ನಮ್ಮ ದೇಶದಲ್ಲಿ ಸಾಕಷ್ಟು ಗುಜರಿಯೇ ಇಲ್ಲ.

ಎಲ್ಲಕ್ಕೂ ಮೇಲೆ ಬೆಲೆಯಿದೆ. ಪಾಣಿಪತ್ ತೈಲ ಶುದ್ಧೀಕರಣಾಗಾರಕ್ಕೆ ಹಸಿರು ಜಲಜನಕ ಪೂರೈಸುವ ಟೆಂಡರಿನಲ್ಲಿ 2025ರಲ್ಲಿ ಹೊರಬಂದ ದರ ಕೆ.ಜಿ.ಗೆ 397 ರೂಪಾಯಿ. ಆ ದರದಲ್ಲಿ ಒಂದು ಟನ್ ಕಬ್ಬಿಣಕ್ಕೆ ಜಲಜನಕದ ಖರ್ಚೇ ಸುಮಾರು 22,000 ರೂಪಾಯಿ. ಅದೇ 2025ರಲ್ಲಿ ಒಂದು ಟನ್ ಉಕ್ಕಿನ ಹಾಳೆ ಮಾರುಕಟ್ಟೆಯಲ್ಲಿ ಮಾರುತ್ತಿದ್ದುದೇ 50,000 ರೂಪಾಯಿಯ ಆಸುಪಾಸಿನಲ್ಲಿ. 2026ರ ಜನವರಿಯಿಂದ ಯುರೋಪು ಆಮದು ಉಕ್ಕಿನ ಮೇಲೆ ಇಂಗಾಲದ ಸುಂಕದ ಲೆಕ್ಕ ಆರಂಭಿಸಿರುವುದರಿಂದ ರಫ್ತು ಮಾಡುವವರಿಗೆ ಈ ಹೊರೆ ಹೊರಲು ಒಂದು ಕಾರಣ ಸಿಕ್ಕಿದೆ. ಆದರೂ ದೊಡ್ಡ ಕಂಪನಿಗಳು ಹಿಂಜರಿಯುತ್ತಿವೆ. ಆರ್ಸೆಲರ್‌ಮಿತ್ತಲ್ 2025ರ ಜೂನ್‌ನಲ್ಲಿ, ಸರ್ಕಾರದ ಭಾರಿ ಸಹಾಯಧನ ಸಿದ್ಧವಿದ್ದರೂ, ಜರ್ಮನಿಯ ಎರಡು ಊರುಗಳ ಇಂಥ ಯೋಜನೆಗಳನ್ನು ಕೈಬಿಟ್ಟಿತು. ತೋರಣಗಲ್ಲಿನ ಘಟಕವನ್ನು ನೋಡಿ, ಐದು ವರ್ಷಗಳಲ್ಲಿ ಎಲ್ಲ ಬದಲಾಗುತ್ತದೆಂದು ಜಮೀನು ಮಾರುವುದಾಗಲೀ ಕೊಳ್ಳುವುದಾಗಲೀ ಬೇಡ ಎಂದು ನಾನು ಹೇಳುವುದು ಇದಕ್ಕೇ.

ನಿಮ್ಮ ಹಿರಿಯ ಮಗ ದುಡಿಯುವ ಸ್ಪಂಜ್ ಐರನ್ ಘಟಕಕ್ಕೆ ಜಲಜನಕ ಹೊಂದುವುದಿಲ್ಲ. ಅಲ್ಲಿ ಉರುಳುವ ಗೂಡಿನೊಳಗೆ ಅದಿರಿನ ಜೊತೆ ಕಲ್ಲಿದ್ದಲನ್ನೇ ಸುರಿಯುತ್ತಾರೆ; ಕಾವು ಕೊಡುವುದೂ ಅದೇ, ಆಮ್ಲಜನಕ ಕೀಳುವುದೂ ಅದೇ. ಆ ಗೂಡು ಅನಿಲ ಹೊರಹೋಗದಂತೆ ಬಿಗಿಯಾಗಿ ಮುಚ್ಚಿರುವುದೂ ಇಲ್ಲ. ಇಂಥ ಘಟಕಗಳು ಜಲಜನಕದಿಂದಾಗಿ ನಾಳೆಯೇ ಮುಚ್ಚುವುದಿಲ್ಲ. ಆದರೆ ಟನ್ ಉಕ್ಕಿಗೆ 2.2 ಟನ್ನಿಗಿಂತ ಹೆಚ್ಚು ಡೈಆಕ್ಸೈಡ್ ಬಿಡುವವರಿಗೆ 2024ರ ಡಿಸೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿದ ಹಸಿರು ಉಕ್ಕಿನ ವರ್ಗೀಕರಣದಲ್ಲಿ ಒಂದು ನಕ್ಷತ್ರವೂ ಸಿಗುವುದಿಲ್ಲ, ಕೊಳ್ಳುವವರು ಅದನ್ನು ಕೇಳತೊಡಗಿದಾಗ ಮೊದಲು ಏಟು ಬೀಳುವುದು ಇವರಿಗೆ. ಅವನು ಗೂಡಿನ ಕೆಲಸದಿಂದ ಕ್ರೇನ್, ವಿದ್ಯುತ್ ಕುಲುಮೆ ಅಥವಾ ನಿರ್ವಹಣೆಯ ಕಡೆಗೆ ಸರಿಯಲು ಅವಕಾಶ ಸಿಕ್ಕರೆ ಬಿಡಬಾರದು. ಜಲಜನಕ ಘಟಕದಲ್ಲೇ ನೂರಾರು ಕೆಲಸ ಸಿಗುತ್ತವೆ ಎಂಬ ಮಾತು ನಂಬುವಂಥದ್ದಲ್ಲ. ಈ ಗಾತ್ರದ ಘಟಕವನ್ನು ಪಾಳಿಯಲ್ಲಿ ನಡೆಸಲು ಹತ್ತಾರು ಜನ ಸಾಕು. ಕಿರಿಯವನು ಇನ್‌ಸ್ಟ್ರುಮೆಂಟೇಶನ್ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಲಿ. ಜಲಜನಕ ಗೆದ್ದರೂ ಸೋತರೂ ಆ ಎರಡು ವಿದ್ಯೆಗಳಿಗೆ ಉಕ್ಕಿನ ಕಾರ್ಖಾನೆ, ಸೌರ ಪಾರ್ಕ್, ವಿದ್ಯುತ್ ಕೇಂದ್ರ ಎಲ್ಲ ಕಡೆ ಬೇಡಿಕೆಯಿರುತ್ತದೆ.

ಬೇಕೋ ಬೇಡವೋ ಎಂದು ಕೇಳಿದ್ದೀರಿ. ಘಟಕ ಈಗಾಗಲೇ ನಡೆಯುತ್ತಿರುವುದರಿಂದ ಷರತ್ತುಗಳೊಂದಿಗೆ ಬೇಕು ಎನ್ನಿ ಎಂಬುದು ನನ್ನ ಸಲಹೆ. ಮುಂದಿನ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ, ಇಲ್ಲವೇ ಗ್ರಾಮ ಪಂಚಾಯಿತಿಯ ಮೂಲಕ, ಬರವಣಿಗೆಯಲ್ಲಿ ಈ ವಿವರಗಳನ್ನು ಕೇಳಿ: ಯಾವುದೇ ಹೊತ್ತಿನಲ್ಲಿ ಸ್ಥಳದಲ್ಲಿರುವ ಜಲಜನಕದ ಗರಿಷ್ಠ ದಾಸ್ತಾನು ಎಷ್ಟು ಟನ್, ಸ್ಫೋಟಕ ಮತ್ತು ಒತ್ತಡದ ಅನಿಲಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪೆಸೊ ಸಂಸ್ಥೆಯ ಪರವಾನಗಿ ಎಷ್ಟಕ್ಕಿದೆ, ತುರ್ತು ಯೋಜನೆಯಲ್ಲಿ ನಿಮ್ಮ ಊರಿನ ಹೆಸರಿದೆಯೇ, ತಿಂಗಳಿಗೆ ಎಷ್ಟು ಯೂನಿಟ್ ಸೌರ, ಎಷ್ಟು ಪವನ, ಎಷ್ಟು ಬ್ಯಾಂಕಿಂಗ್ ಕರೆಂಟು ಬಳಕೆಯಾಯಿತು, ನೀರು ಯಾವ ಮೂಲದಿಂದ ಎಷ್ಟು ಬಂತು. ಇವುಗಳಲ್ಲಿ ಯಾವುದೂ ವ್ಯಾಪಾರದ ಗುಟ್ಟಲ್ಲ. ಬಂದ ಉತ್ತರವನ್ನು ಕರೆಂಟಿನ ಅಂಕಿಗಳಿಂದಲೇ ಓದಲು ಶುರುಮಾಡಿ.